ಆನೆ ಬಂತೆಂದರೂ ಏಳದವಳು

ಅರ್ಜುನ ಸತ್ತು ಮೂರೋ ನಾಲ್ಕೋ ದಿನ ಆಗಿತ್ತು. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ನಮ್ಮ ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುವಾಗ ಸಲಗವೊಂದರ ಜೊತೆ ಕಾದಾಡಿ ಪ್ರಾಣ ಬಿಟ್ಟಿತ್ತು. ಕಾಫಿ ಕುಯ್ಯಲು ಬಂದ ಹೆಂಗಸರು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಕೂಗಿಕೊಂಡು ಅದನ್ನೇ ಮಾತಾಡುತ್ತಿದ್ದರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಆನೆಗೆ ಶಾಪ ಹಾಕುವ ಊರು ಹಗಲು ಹೊತ್ತು ಒಂದು ಆನೆಗಾಗಿ ಅಳುತ್ತಿತ್ತು. ನನಗೆ ಅಳು ಬರಲಿಲ್ಲ. ಬರಲಿ ಅಂತ ಒಂದೆರಡು ಸಲ ಮೊಬೈಲಿನಲ್ಲಿ ಆ ವಿಡಿಯೊ ಹಾಕಿ ನೋಡಿದೆ. ಯಾವುದೋ ದೂರದ ದೇಶದ ಸುದ್ದಿ ನೋಡಿದ ಹಾಗಿತ್ತು.

ಆ ದಿನ ನಾನು ಒಂದು ಹಾಲುವಾಣದ ಮರದ ಬುಡದಲ್ಲಿ ಕೂತಿದ್ದೆ. ಹೊತ್ತು ಹನ್ನೊಂದು ಆಗಿರಬಹುದು. ಮದುವೆಯಾಗಿ ಬಂದ ಹೊಸತರಲ್ಲಿ ಸಂಜೆ ತೂಕಕ್ಕೆ ಇಡುವಾಗ ಎಂಬತ್ತು ಕೆಜಿ ಹಣ್ಣು ತೂಗಿಸಿದವಳು ನಾನು. ಅವತ್ತು ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಆರು ಕೆಜಿಯೂ ಇರಲಿಲ್ಲ. ಒಂದೇ ಗಿಡದ ಸುತ್ತ ನಿಂತು, ಒಂದೇ ರೆಕ್ಕೆ ಹಿಡಿದು, ಯಾವ ಹಣ್ಣು ಕುಯ್ಯಬೇಕು ಯಾವುದು ಬಿಡಬೇಕು ಅಂತ ಯೋಚನೆ ಮಾಡುತ್ತಲೇ ಕೈ ಸೋತು ಕೂತುಬಿಟ್ಟಿದ್ದೆ. ಆಗ ಎಲ್ಲರ ಫೋನೂ ಒಟ್ಟಿಗೆ ಕಿಣಿಕಿಣಿ ಅಂದವು. ಆನೆ ಕಾರ್ಯಪಡೆಯವರ ಸಂದೇಶ. ನಮ್ಮ ತೋಟದ ಕೆಳಗಿನ ಹಳ್ಳದ ಕಡೆಗೆ ಗುಂಪು ಇಳಿದಿದೆ, ಕೆಲಸದವರು ಮೇಲೆ ಹೋಗಬೇಕು.

"ಓಡ್ರಮ್ಮೋ" ಅಂತ ಯಾರೋ ಕೂಗಿದರು. ಬುಟ್ಟಿ, ತಾಡಪಾಲು, ಬುತ್ತಿಯ ಡಬ್ಬಿ, ಎಲ್ಲ ಬಿಟ್ಟು ಹೆಂಗಸರು ಗುಡ್ಡ ಹತ್ತಿದರು. ನಾನು ಏಳಲಿಲ್ಲ.

ಹೆದರಿಕೆಯಿಂದ ಕಾಲು ಕಟ್ಟಿತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಹೆದರಿಕೆ ಇರಲೇ ಇಲ್ಲ. ಕೆಳಗೆ ಬೈನೆ ಮರ ಮುರಿಯುವ ಸದ್ದು ಕೇಳಿಸಿತು. ಬಟ್ಟೆ ಹರಿದ ಹಾಗೆ ಮೊದಲು ಒಂದು ಸೀಳು, ಆಮೇಲೆ ದಪ್ಪನೆ ಬಿದ್ದ ಸದ್ದು. ನನ್ನ ಕಣ್ಣು ಚೀಲದ ಬಾಯಲ್ಲಿದ್ದ ಒಂದು ಹಣ್ಣಿನ ಮೇಲಿತ್ತು. ಬಿರಿದ ಹಣ್ಣಿನ ಸಿಹಿ ನೀರಿಗೆ ಕಟ್ಟಿರುವೆ ಬಂದು ಮುತ್ತಿತ್ತು. ಅದನ್ನು ಕೊಡವಬೇಕು ಅನ್ನಿಸಿತು, ಕೊಡವಲಿಲ್ಲ. ಬಂದರೆ ಬರಲಿ, ತುಳಿದರೆ ತುಳಿಯಲಿ, ಎದ್ದು ಆ ಗುಡ್ಡ ಹತ್ತುವ ಕೆಲಸವಂತೂ ತಪ್ಪುತ್ತದೆ ಅಂತ ಅಷ್ಟೇ ಸ್ಪಷ್ಟವಾಗಿ ಅನ್ನಿಸಿದ್ದು ನೆನಪಿದೆ. ಸಾಯಬೇಕು ಅಂತಲ್ಲ. ಏಳುವುದು ಬೇಡ ಅಂತ.

ನಮ್ಮನೆಯವರು ಮೇಲಿಂದ ಓಡಿ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಕಣದ ಹತ್ತಿರ ಬಂದು ಏದುಸಿರು ಬಿಡುತ್ತಾ "ಯಾಕೆ ಕೂತಿದ್ದೆ?" ಅಂದರು. "ಸುಸ್ತು" ಅಂದೆ. ಅವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅತ್ತೆ ಅಂದರು: "ಕೂತಲ್ಲೇ ಕೂತಿರೋಕೆ ಅದೆಂಥ ಸುಸ್ತವ್ವಾ? ಏನ್ ಬೆಟ್ಟ ಕಡ್ದಿದ್ದೆ?"

ಅತ್ತೆಯ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದನ್ನೇ ನಾನೂ ಒಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೆ.

ನಮ್ಮದು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿಯ ಒಂದು ಸಣ್ಣ ಊರು. ನಾಲ್ಕೂವರೆ ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಒಂದು ಕಾಲಕ್ಕೆ ಒಂದು ಎಕರೆ ಗದ್ದೆ. ಗದ್ದೆ ಈಗ ಇಲ್ಲ, ಅಂದರೆ ಇದೆ, ನಾಟಿ ಮಾಡುವುದಿಲ್ಲ. ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತವೆ. ಮೂರು ವರ್ಷ ಆನೆಗೆ ಬೆಳೆದು ಕೊಟ್ಟು ಸಾಕಾಗಿ ಹಾಳು ಬಿಟ್ಟೆವು. 2014ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ನಮ್ಮ ಆಲೂರು ಸೀಮೆಯಿಂದ 22 ಆನೆ ಹಿಡಿದು ಸಾಗಿಸಿದರು. ಆಗ ಊರಲ್ಲಿ ಹಬ್ಬ. ಹೋದ ಜಾಗಕ್ಕೆ ಬೇರೆ ಆನೆಗಳು ಬಂದವು. ನೀರಿದೆ, ನೆರಳಿದೆ, ಬೈನೆ ಇದೆ, ಹಲಸು ಇದೆ, ಬರದೆ ಏನು ಮಾಡುತ್ತವೆ. ಅವುಗಳಿಗೆ ನಮ್ಮ ತೋಟವೇ ಕಾಡು.

ಹೀಗಾಗಿ ನಮ್ಮ ಕಡೆ ಸುಸ್ತು ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಸುಸ್ತೇ. ರಾತ್ರಿ ಹತ್ತಕ್ಕೆ ಮಲಗಿದರೆ ಹನ್ನೆರಡಕ್ಕೆ ನಾಯಿ ಬೊಗಳುತ್ತದೆ, ಒಂದಕ್ಕೆ ಯಾರದೋ ತೋಟದಲ್ಲಿ ಪಟಾಕಿ, ಎರಡಕ್ಕೆ ವಾಟ್ಸಾಪ್ ಗುಂಪಿನಲ್ಲಿ 'ನಮ್ಮ ಗೇಟಿನ ಹತ್ರ ಇದೆ', ಮೂರಕ್ಕೆ 'ದಾಟಿತು'. ಐದಕ್ಕೆ ಏಳಬೇಕು. ಮಳೆಗಾಲವಾದರೆ ಮೃಗಶಿರಾದಿಂದ ಮಘೆಯವರೆಗೆ ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ, ವಾರಗಟ್ಟಲೆ ಕರೆಂಟು ಇಲ್ಲ. ಅಂಥ ಊರಲ್ಲಿ ಒಬ್ಬಳ ನಿತ್ರಾಣ ಬೇರೆ ಥರದ್ದು ಅಂತ ಗುರುತು ಹಿಡಿಯುವುದು ಹೇಗೆ? ಹೊಗೆ ತುಂಬಿದ ಅಡುಗೆಮನೆಯಲ್ಲಿ ಏನು ಸೀದುಹೋಯಿತು ಅಂತ ಗೊತ್ತಾಗದ ಹಾಗೆ ನನ್ನ ಕಾಯಿಲೆ ಊರಿನ ಸುಸ್ತಿನೊಳಗೆ ಅಡಗಿ ಕೂತಿತ್ತು.

ಶುರುವಾಗಿದ್ದು 2022ರ ಮಳೆಗಾಲ ಮುಗಿದ ಮೇಲೆ. ಮೊದಲು ಚಳಿ. ನಮ್ಮದು ಚಳಿಯ ಊರೇ, ಆದರೆ ಮಧ್ಯಾಹ್ನದ ಬಿಸಿಲಲ್ಲಿ ಕಣದಲ್ಲಿ ಕಾಫಿ ಎಳೆಯುವಾಗಲೂ ನನಗೆ ಸ್ವೆಟರು ಬೇಕಾಯಿತು. ಆಮೇಲೆ ಕೂದಲು. ಬಾಚಣಿಗೆಯಲ್ಲಿ ಉಂಡೆ ಉಂಡೆ. ಮೈ ಊದಿತು. ಉಣ್ಣುವುದು ಅರ್ಧ ರೊಟ್ಟಿ, ತೂಕ ಮಾತ್ರ ಒಂಬತ್ತು ಕೆಜಿ ಏರಿತು. "ಕೂತು ತಿಂದ್ರೆ ಇನ್ನೇನಾಗ್ತದೆ" ಅಂದವರು ಅತ್ತೆಯೊಬ್ಬರೇ ಅಲ್ಲ. ಹೊರಗಾದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಮಾತಾಡುವಾಗ ಪದ ಸಿಗುತ್ತಿರಲಿಲ್ಲ. ಒಂದು ಬೆಳಗ್ಗೆ ಕಡುಬಿಗೆ ನೀರಿಟ್ಟು, ನೀರು ಮರಳಿ, ಆರಿ, ಪಾತ್ರೆಯ ತಳ ಕೆಂಪಾಗುವವರೆಗೂ ಒಲೆಯ ಮುಂದೆ ನಿಂತಿದ್ದೆ. ಮುಂದೆ ಏನು ಮಾಡಬೇಕು ಅನ್ನುವುದೇ ಹೊಳೆಯಲಿಲ್ಲ.

ನಮ್ಮ ಮಾತಿನಲ್ಲಿ ಇದಕ್ಕೆ ಹೆಸರಿಲ್ಲ ಅಂತಲ್ಲ, ಹೆಸರು ಜಾಸ್ತಿಯೇ ಇವೆ: ಆಯಾಸ, ಬಳಲಿಕೆ, ಸುಸ್ತು, ನಿತ್ರಾಣ, ಮಂಪರು, ಜಡ. ಕೆಲಸಕ್ಕೆ ಏಳದವರ ಹೆಸರುಗಳು ಬೇರೆ: ಸೋಂಬೇರಿ, ಮೈಗಳ್ಳಿ. ಮೊದಲ ಗುಂಪಿನ ಮಾತನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುತ್ತೇವೆ, ಎರಡನೆಯದನ್ನು ಬೇರೆಯವರು ಹೇಳುತ್ತಾರೆ. ಎಷ್ಟು ದಿನದ ಮೇಲೆ ಒಂದು ಇನ್ನೊಂದಾಗುತ್ತದೆ ಅನ್ನುವುದಕ್ಕೆ ಲೆಕ್ಕವಿದೆ. ನಮ್ಮ ಮನೆಯಲ್ಲಿ ಅದು ಸುಮಾರು ಮೂರು ವಾರ.

ಈ ಎಲ್ಲದರ ನಡುವೆ ನನಗೆ ತುಂಬ ಕಾಡಿದ ಮಾತು 'ದಣಿವು'. ನಾನು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು. ಪಾಠ ಮಾಡಿದ ಮೇಷ್ಟರು ಒಮ್ಮೆ ಹೇಳಿದ್ದರು, ದಣಿ ಅನ್ನುವುದಕ್ಕೆ ತೃಪ್ತಿಯಾಗು ಅಂತಲೂ ಹಳೆಯ ಅರ್ಥವಿದೆ ಅಂತ. ಕಣ್ಣು ದಣಿಯುವಷ್ಟು ನೋಡಿದೆ ಅನ್ನುತ್ತೇವೆ, ಮನದಣಿಯೆ ನಕ್ಕೆವು ಅನ್ನುತ್ತೇವೆ. ಅಲ್ಲಿ ಕಣ್ಣಿಗೆ ಮನಸ್ಸಿಗೆ ನೋವಾಗಿದೆ ಅಂತಲ್ಲ, ತುಂಬಿದೆ ಅಂತ. ಎಂಬತ್ತು ಕೆಜಿ ಹಣ್ಣು ತೂಗಿಸಿ, ಬಿಸಿನೀರು ಹುಯ್ದುಕೊಂಡು, ಏಡಿ ಸಾರಿನಲ್ಲಿ ಉಂಡು ಮಲಗುತ್ತಿದ್ದ ರಾತ್ರಿಗಳಲ್ಲಿ ನನಗಾಗುತ್ತಿದ್ದದ್ದು ಅದು. ಮೈಯೆಲ್ಲ ನೋವು, ಆದರೆ ಒಳಗೆ ಏನೋ ಭರ್ತಿಯಾದ ಹಾಗೆ. ಈಗ ಆಗುತ್ತಿದ್ದದ್ದು ದಣಿವಲ್ಲ. ಏನೂ ತುಂಬದೆಯೇ ಎಲ್ಲ ಖಾಲಿಯಾದದ್ದು. ಬೆಳಗ್ಗೆ ಏಳುವಾಗಲೇ ಸಂಜೆಯ ಸುಸ್ತು.

ಔಷಧಿ ಮಾಡಲಿಲ್ಲ ಅಂತಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ನಮ್ಮ ಕಡೆ ಸುಸ್ತು ಅಂದರೆ ಗ್ಲೂಕೋಸು ಹಾಕಿಸಿಕೊಳ್ಳುವುದು. ಬಾಟಲಿ ಇಳಿಯುವವರೆಗೆ ಮಂಚದ ಮೇಲೆ ಮಲಗಿರಲು ಸಿಗುತ್ತದಲ್ಲ, ಅದೇ ಅರ್ಧ ಔಷಧಿ ಅಂತ ನನ್ನ ಅನುಮಾನ. ನಾಲ್ಕು ಸಲ ಹಾಕಿಸಿಕೊಂಡೆ. ಶಕ್ತಿಯ ಟಾನಿಕ್ ಕೊಟ್ಟರು, ರಕ್ತದ ಮಾತ್ರೆ ಕೊಟ್ಟರು. "ನಲವತ್ತಾರು ಅಲ್ವಾ, ಮುಟ್ಟು ನಿಲ್ಲೋ ವಯಸ್ಸು, ಹೀಗೇ" ಅಂದರು. ಅತ್ತೆ ನಾಟಿಕೋಳಿ ಸಾರು ಮಾಡಿ ಹಾಕಿದರು, ದೃಷ್ಟಿ ತೆಗೆದರು, ಕೆಂಚಮ್ಮನಿಗೆ ಹರಕೆ ಹೊತ್ತರು. ಬೈಯುತ್ತಲೇ ಇಷ್ಟನ್ನೂ ಮಾಡಿದರು. ಅವರನ್ನು ಕೆಟ್ಟವರು ಅಂತ ಬರೆದರೆ ನನಗೆ ಅನ್ನ ಇಳಿಯುವುದಿಲ್ಲ. ಐದು ಮಕ್ಕಳನ್ನು ಹೆತ್ತು ಬಾಣಂತನದ ಹಿಂದೆಯೇ ಗದ್ದೆಗೆ ಇಳಿದವರು ಅವರು. ಕೂತವರನ್ನು ಕಂಡರೆ ಅವರಿಗೆ ತಾವು ಎಂದೂ ಕೂರದ ದಿನಗಳೆಲ್ಲ ನೆನಪಿಗೆ ಬರುತ್ತಿದ್ದವೋ ಏನೋ.

ಗುರುತು ಹಿಡಿದದ್ದು ಮಗಳು, ಅದೂ ಫೋನಿನಲ್ಲಿ. ಅವಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ವಾರಕ್ಕೆರಡು ಸಲ ಮಾತಾಡುವಾಗಲೂ "ಅಮ್ಮ, ಶೀತ ಆಗಿದ್ಯಾ?" ಅನ್ನುತ್ತಿದ್ದಳು. ಇಲ್ಲ ಕಣೇ ಅನ್ನುತ್ತಿದ್ದೆ. ಆನೆಯ ಘಟನೆ ಆದ ಮೇಲೆ, ಸಂಕ್ರಾಂತಿ ಕಳೆದು ಒಂದು ದಿನ ಅವಳು ಸುಮ್ಮನಿದ್ದು ಕೇಳಿದಳು. "ಅಮ್ಮ, ನಿಂಗೆ ಮೂರು ತಿಂಗಳಿಂದ ಶೀತಾನೇ ಆಗಿಲ್ಲ. ಆದ್ರೂ ನಿನ್ನ ಗಂಟಲು ಗಂಡಸಿನ ಹಾಗಿದೆ. ನಾಳೆನೇ ಬಾ." ಅವಳ ದನಿ ನಡುಗುತ್ತಿತ್ತು. ಅದರ ಹಿಂದಿನ ವಾರವೇ ಅವಳು ಅದೇ ಪಾಠ ಓದಿದ್ದಳಂತೆ.

ಹಾಸನದಲ್ಲಿ ನೋಡಿದ ಡಾಕ್ಟರಮ್ಮ ಮೊದಲು ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತರು. "ಎಷ್ಟು ತಣ್ಣಗಿದೆ" ಅಂದರು. ಆಮೇಲೆ ಕುರ್ಚಿಯ ಮೇಲೆ ಮಂಡಿಯೂರಿ ಹಿಂದಕ್ಕೆ ಪಾದ ಇಳಿಬಿಡಿ ಅಂದರು. ದೇವರಿಗೆ ಅಡ್ಡಬೀಳುವ ಹಾಗೆ ಕುರ್ಚಿಯ ಬೆನ್ನು ಹಿಡಿದು ಮಂಡಿಯೂರಿದೆ. ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸಣ್ಣ ಸುತ್ತಿಗೆಯಲ್ಲಿ ಟಪ್ ಅಂತ ಒಂದು ಏಟು. ಪಾದ ಛಕ್ಕನೆ ಒದೆಯಿತು. ಸರಿ. ಆದರೆ ವಾಪಸು ಬರುವಾಗ ಮೆಲ್ಲಗೆ, ಮೆಲ್ಲಗೆ, ಮಧ್ಯಾಹ್ನ ಮೆಲುಕು ಹಾಕುವ ಎಮ್ಮೆ ಬಾಲ ಇಳಿಸಿದ ಹಾಗೆ ಬಂತು. ಪಕ್ಕದಲ್ಲಿದ್ದ ಮಗಳ ಪಾದಕ್ಕೂ ಹೊಡೆದು ತೋರಿಸಿದರು. ಅದು ಹೋದಷ್ಟೇ ಬೇಗ ವಾಪಸು ಬಂತು. ಮತ್ತೆ ನನ್ನದು. ಮತ್ತೆ ಅದೇ ನಿಧಾನ.

"ನೋಡಿ, ಇದು ನಿಮ್ಮ ಕೈಯಲ್ಲಿಲ್ಲ. ಬೇಕು ಅಂದ್ರೂ ಹೀಗೆ ಮಾಡೋಕಾಗಲ್ಲ, ಬೇಡ ಅಂದ್ರೂ ನಿಲ್ಲಿಸೋಕಾಗಲ್ಲ" ಅಂದರು.

ನಾನು ಕುರ್ಚಿಯ ಬೆನ್ನಿಗೆ ಹಣೆ ಇಟ್ಟು ಅತ್ತುಬಿಟ್ಟೆ. ಒಂದೂಕಾಲು ವರ್ಷದಲ್ಲಿ ಮೊದಲ ಸಲ ಬಂದ ಅಳು. ನಾನು ಸೋಂಬೇರಿಯಲ್ಲ ಅಂತ ನನ್ನ ಕಾಲೇ ಸಾಕ್ಷಿ ಹೇಳಿತ್ತು.

ರಕ್ತದ ವರದಿ ಮಾರನೆಯ ದಿನ ಬಂತು. ಟಿಎಸ್‌ಎಚ್ ಅನ್ನುವುದು ಹೆಚ್ಚೆಂದರೆ ನಾಲ್ಕೋ ಐದೋ ಇರಬೇಕಂತೆ, ನನ್ನದು ನೂರು ದಾಟಿತ್ತು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದಲ್ಲಿ 7.9. ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಹೇಳಿದರು: ಕುತ್ತಿಗೆಯ ಥೈರಾಯ್ಡ್ ಗ್ರಂಥಿ ರಸ ಸುರಿಸುವುದನ್ನು ನಿಲ್ಲಿಸಿದೆ, ಮಿದುಳಿನ ಕೆಳಗಿನ ಗ್ರಂಥಿ 'ಕೆಲಸ ಮಾಡು, ಕೆಲಸ ಮಾಡು' ಅಂತ ಕೂಗುತ್ತಲೇ ಇದೆ, ಆ ಕೂಗಿನ ಅಳತೆಯೇ ಈ ನೂರು. ನನಗೆ ನಗು ಬಂತು. ಹಾಗಾದರೆ ನನ್ನ ಮೈಯೊಳಗೂ ಒಬ್ಬ ಅತ್ತೆ ಇದ್ದಾಳೆ. ಮೈಯನ್ನು ಕಾಯಬೇಕಾದ ಪಡೆಯೇ ಗ್ರಂಥಿಯ ಮೇಲೆ ಬೀಳುವುದರಿಂದ ಹೀಗಾಗುತ್ತದಂತೆ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಶಿಮೊಟೊ ಅವರ ಹೆಸರೇ ಕಾಯಿಲೆಗೂ ಇದೆ. ನಾವು ಚಿಕ್ಕವರಿದ್ದಾಗ ಕುತ್ತಿಗೆಯಲ್ಲಿ ಗಳಗಂಡ ಇಳಿಬಿಟ್ಟ ಅಜ್ಜಿಯರನ್ನು ನೋಡಿದ್ದೆವು. ಅದು ಉಪ್ಪಿನಲ್ಲಿ ಅಯೋಡಿನ್ ಇಲ್ಲದ ಕಾಲದ ಕಾಯಿಲೆ. ನನ್ನದು ಬೇರೆ, ನನ್ನ ಕುತ್ತಿಗೆ ನೋಡಿದರೆ ಏನೂ ಕಾಣುವುದಿಲ್ಲ. ಕಂಡಿದ್ದರೆ ಬೈಸಿಕೊಳ್ಳುವುದಾದರೂ ತಪ್ಪುತ್ತಿತ್ತು.

ಮಗಳು ತನ್ನ ಪುಸ್ತಕದಿಂದ ಒಂದು ಕಥೆ ಹೇಳಿದಳು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಜಾರ್ಜ್ ಮರ್ರೆ ಅಂತ ಎಳೆ ವಯಸ್ಸಿನ ವೈದ್ಯ. ಅವನ ಬಳಿ ನನ್ನ ಹಾಗೇ ಊದಿದ, ಜಡವಾದ ಒಬ್ಬ ಹೆಂಗಸು ಬಂದಳು. ವಯಸ್ಸೂ ನನ್ನದೇ, ನಲವತ್ತಾರು. ಅವನು ಕುರಿಯ ಥೈರಾಯ್ಡಿನಿಂದ ರಸ ತೆಗೆದು ಅವಳಿಗೆ ಚುಚ್ಚಿದ. ಅವಳು ಎದ್ದಳು. ಇನ್ನೂ 28 ವರ್ಷ ಬದುಕಿದಳು. ಅಷ್ಟು ವರ್ಷಕ್ಕೆ 870 ಕುರಿಗಳ ಗ್ರಂಥಿ ಬೇಕಾಯಿತಂತೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮೊದ್ಲೇ ಹೇಳಿದ್ರೆ ವಾರವಾರ ಕುರಿ ತರಿಸ್ತಿದ್ದೆ" ಅಂದರು. ಅವತ್ತಿನಿಂದ ಅವರು ನನಗೆ ಮೈಗಳ್ಳಿ ಅಂದದ್ದಿಲ್ಲ.

ಈಗ ಕುರಿ ಬೇಡ, ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಮಾತ್ರೆ ಇದೆ. ಎದ್ದ ಕೂಡಲೇ ಬರಿ ಹೊಟ್ಟೆಗೆ, ನೀರಲ್ಲಿ. ಆಮೇಲೆ ಒಂದು ಗಂಟೆ ಏನೂ ಇಲ್ಲ, ಮುಖ್ಯವಾಗಿ ಕಾಫಿ ಇಲ್ಲ, ಮಾತ್ರೆಯನ್ನು ಮೈ ಹೀರಿಕೊಳ್ಳಲು ಕಾಫಿ ಬಿಡುವುದಿಲ್ಲವಂತೆ. ನಾಲ್ಕೂವರೆ ಎಕರೆ ಕಾಫಿ ಬೆಳೆಯುವ ಮನೆಯ ಹೆಂಗಸು, ಬೆಳಗಿನ ಜಾವ ಐದಕ್ಕೆ, ಬೆಲ್ಲದ ಕಾಫಿಯ ಹಬೆಯ ಎದುರು, ಗಡಿಯಾರ ನೋಡುತ್ತ ಕೂರಬೇಕು. ರಕ್ತದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಇಷ್ಟು ದಿನ ನಾನು ಅದನ್ನು ಯಾವಾಗ ನುಂಗುತ್ತಿದ್ದೆ ಅಂತ ಡಾಕ್ಟರಮ್ಮ ಕೇಳಿದರು. ಕಾಫಿ ಜೊತೆ ಅಂದೆ. ರಕ್ತದ ಮಾತ್ರೆಗೂ ಕಾಫಿ ಆಗದಂತೆ. ಅವರು ಪೆನ್ನು ಕೆಳಗಿಟ್ಟರು.

ಆರು ವಾರಕ್ಕೊಮ್ಮೆ ರಕ್ತ ಕೊಟ್ಟು, ಮಾತ್ರೆ ಹೆಚ್ಚಿಸುತ್ತ, 2024ರ ಮಳೆಗಾಲದ ಹೊತ್ತಿಗೆ ಮೈ ಹಿಂದಕ್ಕೆ ಬಂತು. ಆ ಜುಲೈನಲ್ಲಿ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಸಕಲೇಶಪುರದ ಆಚೆ ದೊಡ್ಡತಪ್ಪಲೆ ಹತ್ತಿರ ಹೆದ್ದಾರಿಗೆ ಗುಡ್ಡ ಕುಸಿಯಿತು, ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರಿನ ರೈಲು ನಿಂತಿತು. ನಮ್ಮ ಊರಿಗೆ ಹನ್ನೊಂದು ದಿನ ಕರೆಂಟಿರಲಿಲ್ಲ. ಆ ಹನ್ನೊಂದು ದಿನ ನಾನು ಹಸಿ ಸೌದೆ ಊದಿ ಒಲೆ ಹಚ್ಚಿದೆ, ಮುರಿದ ಸಿಲ್ವರ್ ಓಕ್ ಕೊಂಬೆ ಎಳೆದು ದಾರಿ ಬಿಡಿಸಿದೆ, ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದೆ. ಕೈ ಬೆಚ್ಚಗಿದ್ದವು. ಟಿಎಸ್‌ಎಚ್ ಮೂರಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ ಹನ್ನೊಂದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಮುಗಿಯಿತು ಅಂತಲೇ ಅಂದುಕೊಂಡರು.

ಮೈ ಎದ್ದಿತು, ನಾನು ಏಳಲಿಲ್ಲ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಮೊದಲಾದರೆ ಕೆಲಸ ಆಗುತ್ತಿರಲಿಲ್ಲ, ಈಗ ಕೆಲಸವೆಲ್ಲ ಆಗುತ್ತಿತ್ತು, ಮಾಡುವವಳು ಅಲ್ಲಿರುತ್ತಿರಲಿಲ್ಲ. 2025ರ ಆರಂಭದಲ್ಲಿ ಕಾಫಿಗೆ ಯಾರೂ ಕನಸಲ್ಲೂ ಕಾಣದ ಬೆಲೆ ಬಂತು. ಅರೇಬಿಕಾ ಪಾರ್ಚ್‌ಮೆಂಟು ಐವತ್ತು ಕೆಜಿಯ ಚೀಲಕ್ಕೆ 25,000 ರೂಪಾಯಿ ದಾಟಿತು. ಸಂತೆಯಲ್ಲಿ ಎಲ್ಲರ ನಡಿಗೆಯೇ ಬದಲಾಗಿತ್ತು. ನಮ್ಮನೆಯವರು ವ್ಯಾಪಾರಿ ಕೊಟ್ಟ ದುಡ್ಡಿನ ಕಟ್ಟು ತಂದು ದೇವರ ಮುಂದಿಟ್ಟು, "ನೀನೇ ಎಣಿಸು" ಅಂದರು. ಎಣಿಸಿದೆ. ಬೇರೆ ಯಾರದೋ ಮದುವೆಯ ಮುಯ್ಯಿ ಲೆಕ್ಕ ಬರೆದುಕೊಟ್ಟ ಹಾಗಾಯಿತು. ಮಾರ್ಚಿನಲ್ಲಿ ಹೂವಿನ ಮಳೆ ಸರಿಯಾಗಿ ಬಿದ್ದು ತೋಟವೆಲ್ಲ ಬಿಳಿಯಾಯಿತು. ಬೆಳಗಿನ ಹೊತ್ತು ಆ ಮಲ್ಲಿಗೆಯಂಥ ಪರಿಮಳಕ್ಕೆ ಪ್ರತಿ ವರ್ಷ ಬಾಗಿಲು ತೆರೆದು ನಿಲ್ಲುತ್ತಿದ್ದವಳು, ಆ ಸಲ ಜೇನುಹುಳ ಒಳಗೆ ಬರುತ್ತವೆ ಅಂತ ಬಾಗಿಲು ಹಾಕಿದೆ.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಮಗಳೇ ಕರೆದುಕೊಂಡು ಹೋದಳು. ಆಲೂರಿನಂಥ ಸಣ್ಣ ಊರಲ್ಲಿ ಆ ಬಾಗಿಲ ಮುಂದೆ ಕೂರುವುದು ಸುಲಭವಲ್ಲ. ಗುರುತಿನವರು ಕಂಡರೆ ಹಲ್ಲು ನೋವು ಅಂತ ಹೇಳಲು ಕೆನ್ನೆಗೆ ಕೈ ಕೊಟ್ಟುಕೊಂಡೇ ಕೂತಿದ್ದೆ. ಪಕ್ಕದಲ್ಲಿ ಕೂತ ಹೆಂಗಸೂ ಕೆನ್ನೆಗೆ ಕೈ ಕೊಟ್ಟುಕೊಂಡಿದ್ದಳು.

ಡಾಕ್ಟರು ಹುಡುಗನಂತಿದ್ದರು. ಥೈರಾಯ್ಡಿನ ಚೀಟಿಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ಇದು. "ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮ?" ನಾನು ದಿನದಲ್ಲಿ ಲೆಕ್ಕ ಹಾಕಲು ಹೋಗಿ ತಿಂಗಳಿಗೆ ಬಂದು, ವರ್ಷಕ್ಕೆ ಬಂದು ನಿಂತೆ. ತಂಗಿಯ ಮಗನ ಮದುವೆಗೆ ಅರಸೀಕೆರೆಗೆ ಹೋದಾಗ ಎರಡು ರಾತ್ರಿ. ಅದಕ್ಕೆ ನಾಲ್ಕು ವರ್ಷ ಆಗಿತ್ತು.

"ಆನೆ ಬರದಿರೋ ರಾತ್ರಿ ನಿದ್ದೆ ಬರುತ್ತಲ್ವಾ?"

"ಆನೆ ಬರದಿದ್ರೆ, ಯಾಕೆ ಬರಲಿಲ್ಲ ಅಂತ ನಿದ್ದೆ ಬರಲ್ಲ ಸಾರ್."

ಅವರು ನಕ್ಕರು, ಮಗಳೂ ನಕ್ಕಳು. ನಾನು ಹೇಳಿದ್ದು ನಿಜ. ಸದ್ದಿಗಿಂತ ಸದ್ದಿಲ್ಲದ ರಾತ್ರಿ ಕಷ್ಟ. ಕಿವಿ ಕತ್ತಲಲ್ಲಿ ಹೊರಗೆ ಹೋಗಿ ತೋಟವೆಲ್ಲ ತಿರುಗಿ ಬರುತ್ತದೆ. ಅದು ಒಳಗೆ ಬಂದು ಮಲಗಿದರೆ ತಾನೆ ನಾನು ಮಲಗುವುದು.

ಮಾತ್ರೆ ಕೊಟ್ಟರು. ಅದರ ಗುಣ ಗೊತ್ತಾಗಲು ಮೂರು ನಾಲ್ಕು ವಾರ ಬೇಕು ಅಂದರು, ಅಷ್ಟೇ ಬೇಕಾಯಿತು. ಚೀಟಿಯ ಹಿಂದೆ 14416 ಅಂತ ಬರೆದುಕೊಟ್ಟರು, ಟೆಲಿ ಮಾನಸ್, ರಾತ್ರಿಯೂ ಮಾಡಬಹುದು. ಆಶ್ಲೇಷಾ ಮಳೆ ಹೊಡೆಯುತ್ತಿದ್ದ ಒಂದು ನಡುರಾತ್ರಿ ಮಾಡಿದೆ. ಆ ಕಡೆ ಕನ್ನಡದಲ್ಲೇ ಮಾತಾಡಿದ ಹುಡುಗಿಗೆ ಆನೆ, ಮಳೆ, ಗದ್ದೆ ಹಾಳು ಬಿಟ್ಟದ್ದು, ಅರ್ಜುನ ಸತ್ತಾಗ ಅಳು ಬಾರದ್ದು, ಎಲ್ಲ ಹೇಳಿದೆ. ಅವಳು ಹೂಂಗುಟ್ಟಿದ್ದಷ್ಟೇ ಹೆಚ್ಚು. ಗಂಡನಿಗೆ ಹೇಳದ್ದನ್ನು ಮುಖ ನೋಡದವಳಿಗೆ ಹೇಳುವುದು ಸುಲಭ.

ಆದರೆ ನನ್ನ ಕೇಳಿದರೆ ಮಾತ್ರೆಯಷ್ಟೇ ಕೆಲಸ ಮಾಡಿದ್ದು ಪಾಳಿ. ಡಾಕ್ಟರು 'ನೀವೆಲ್ಲ ಪ್ರತಿ ರಾತ್ರಿ ಯಾಕೆ ಎದ್ದಿರ್ತೀರಿ' ಅಂತ ಕೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಓಣಿಯಲ್ಲಿ ನಾಲ್ಕು ಮನೆ. ನಾಲ್ಕೂ ಮನೆಯವರು ನಾಲ್ಕು ಫೋನು ಹಿಡಿದು ಅದೇ ಒಂದು ಸಂದೇಶ ಓದುತ್ತ ಕೂರುತ್ತಿದ್ದೆವು. ಒಂದು ಸಂಜೆ ನಾನೇ ಹೋಗಿ ಕೇಳಿದೆ. ಒಂದು ರಾತ್ರಿ ಒಂದು ಮನೆ ಎಚ್ಚರ ಇರಲಿ, ಉಳಿದವರು ಫೋನು ಬಂದ್ ಮಾಡಿ ಮಲಗಲಿ, ಆನೆ ನಮ್ಮ ಹಳ್ಳ ದಾಟಿದರೆ ಮಾತ್ರ ಬಂದು ಬಾಗಿಲು ತಟ್ಟಬೇಕು. ಗಂಡಸರು "ಇದೇನು ಬ್ಯಾಂಕಿನ ಡ್ಯೂಟಿನಾ" ಅಂತ ನಕ್ಕರು. ಹೆಂಗಸರು ನಗಲಿಲ್ಲ. ಮೊದಲ ವಾರ ನಮ್ಮದಲ್ಲದ ರಾತ್ರಿಯೂ ಕಿವಿ ಹೊರಗೆ ಹೋಗುತ್ತಿತ್ತು. ಎರಡನೇ ವಾರ ಒಂದು ದಿನ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು. ಯಾರೋ ಸತ್ತಿರಬೇಕು, ಅದಕ್ಕೇ ಎಬ್ಬಿಸಿಲ್ಲ ಅಂತ ಗಾಬರಿಯಿಂದ ಹೊರಗೆ ಬಂದೆ. ಅತ್ತೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. "ನಿನ್ನ ಮಾತ್ರೆ ತಗೊ ಹೋಗು" ಅಂದರು.

ಈ ಡಿಸೆಂಬರಿನ ಕುಯ್ಲಿನಲ್ಲಿ ಮತ್ತೆ ಅದೇ ಸಂದೇಶ ಬಂತು, ಅದೇ ಹಳ್ಳ. ನಾನು ಎಲ್ಲರಿಗಿಂತ ಮುಂದೆ ಓಡಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕಣದ ಹತ್ತಿರ ನಿಂತು ಹೆದರಿಕೆಗೆ ಕೈಕಾಲು ನಡುಗುವಾಗ ನನಗೆ ಎಷ್ಟು ಸಂತೋಷವಾಯಿತು ಅಂತ ಯಾರಿಗೆ ಹೇಳಲಿ.

ಒಂದು ಉಳಿದಿದೆ. ಹೋದ ತಿಂಗಳು ನಮ್ಮನೆಯವರನ್ನೂ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಒಂದು ವರ್ಷದಿಂದ ಅವರ ನಡಿಗೆ ನಿಧಾನವಾಗಿದೆ, ಕೇಳಿದ್ದಕ್ಕೆ ಎರಡನೇ ಸಲ ಉತ್ತರ ಕೊಡುತ್ತಾರೆ. ಟಿಎಸ್‌ಎಚ್ 2.1. ಸಕ್ಕರೆ ಇಲ್ಲ. ಹಿಮೋಗ್ಲೋಬಿನ್ ಹದಿನಾಲ್ಕು. ಹಿಮ್ಮಡಿಗೆ ಹೊಡೆದರೆ ಪಾದ ಹೋದಷ್ಟೇ ಬೇಗ ವಾಪಸು ಬರುತ್ತದೆ. ಎಲ್ಲ ನಾರ್ಮಲ್. ಮಂಗಳವಾರ ಬನ್ನಿ ಅಂದರೆ, "ನಿಂಗಾದ್ರೆ ಕಾಯಿಲೆ ಇತ್ತು, ನಂಗೇನಿದೆ" ಅಂದು ಚೀಟಿಯನ್ನು ನಾಲ್ಕಾಗಿ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

ಮೊನ್ನೆ ನಮ್ಮ ಪಾಳಿಯ ರಾತ್ರಿ. ಒಂದೂವರೆಗೆ ಎದ್ದು ನೋಡಿದರೆ ಜಗಲಿಯ ಕುರ್ಚಿಯಲ್ಲಿ ಕಂಬಳಿ ಹೊದ್ದು, ಬಾಯಿ ತೆರೆದು, ಟಾರ್ಚು ಉರಿಸಿಕೊಂಡೇ ತೂಕಡಿಸುತ್ತಿದ್ದರು. ಕೈಯಿಂದ ಫೋನು ಮೆಲ್ಲಗೆ ತೆಗೆದುಕೊಂಡೆ.

"ಎಲ್ಲಿಗೆ ಬಂದ್ವು?" ಅಂದರು, ಕಣ್ಣು ಮುಚ್ಚಿಕೊಂಡೇ.

"ಹಳ್ಳದ ಆಚೆನೇ ಅವೆ, ಮಲಗಿ" ಅಂದೆ. ಸಂದೇಶ ಇನ್ನೂ ನೋಡಿರಲಿಲ್ಲ.